ರೇಡಿಯೋ ಡಾಕ್ಟರ್ ಕಟ್ಟಿದ ಮನೆ: ಪೋಷಕ ನಟ ಜೀನ್ ಹರ್ಶೋಲ್ಟ್ ಕಥೆ

ವಿಡಿಯೋ ಪೂರ್ತಿ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಬಸ್ಸಲ್ಲಿ ಕೂತು ಓದ್ಕೋತೀವಿ ಅನ್ನೋರಿಗಾಗಿ ಈ ಬರಹ. ಅಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ಹೇಳದೆ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿ ಬರೆದಿದ್ದೀನಿ.

ಮೊದಲು ಒಂದು ಪ್ರಶ್ನೆ. ಆಸ್ಕರ್ ಪ್ರಶಸ್ತಿಗಳಲ್ಲಿ 'ಜೀನ್ ಹರ್ಶೋಲ್ಟ್ ಹ್ಯುಮಾನಿಟೇರಿಯನ್ ಅವಾರ್ಡ್' ಅಂತ ಒಂದಿದೆ, ಕೇಳಿದ್ದೀರಾ? ಎಲಿಜಬೆತ್ ಟೇಲರ್, ಆಡ್ರೆ ಹೆಪ್‌ಬರ್ನ್, ಓಪ್ರಾ ವಿನ್‌ಫ್ರೀ, ಏಂಜಲೀನಾ ಜೋಲಿ, ಇವರಿಗೆಲ್ಲ ಬಂದಿದೆ. ಪ್ರಶಸ್ತಿ ತಗೊಂಡವರ ಹೆಸರು ಎಲ್ಲರಿಗೂ ಗೊತ್ತು. ಪ್ರಶಸ್ತಿಗೆ ಯಾರ ಹೆಸರು ಇಟ್ಟಿದ್ದಾರೋ ಅವರು ಯಾರು ಅಂತ ಕೇಳಿದರೆ ಹಾಲಿವುಡ್ ಹುಚ್ಚಿರೋ ನನ್ನ ಗೆಳೆಯರೂ ತಲೆ ಕೆರೆದುಕೊಂಡರು.

ನನಗೂ ಗೊತ್ತಿರಲಿಲ್ಲ. ಗೊತ್ತಾದ ಸಂದರ್ಭ ಹೇಳಿಬಿಡ್ತೀನಿ. ನಾನು ಪುಣೆಗೆ ಬಂದು ಒಂಬತ್ತು ವರ್ಷ ಆಯಿತು. ಕಳೆದ ವರ್ಷ ನಮ್ಮ ಆಫೀಸಲ್ಲಿ ಒಂದಿಷ್ಟು ಜನರನ್ನು ಒಂದೇ ದಿನ ಮನೆಗೆ ಕಳಿಸಿದರು. ಅವರಲ್ಲಿ ನಮ್ಮ ಟೀಮಿನ ಒಬ್ಬರು ಟೆಸ್ಟರ್, ವಯಸ್ಸು ನಲವತ್ತೇಳು. ಮನೆಯಲ್ಲಿ ಹುಷಾರಿಲ್ಲದ ಅಮ್ಮ. ಕಂಪನಿಯ ಇನ್ಶೂರೆನ್ಸ್ ಕೆಲಸದ ಜೊತೆಗೇ ಹೋಯಿತು. ನಾವು ವಾಟ್ಸಾಪ್ ಗ್ರೂಪ್ ಮಾಡಿ ಯುಪಿಐನಲ್ಲಿ ದುಡ್ಡು ಸೇರಿಸಿದೆವು. ಮೊದಲ ತಿಂಗಳು ಚೆನ್ನಾಗಿಯೇ ಬಂತು, ಎರಡನೇ ತಿಂಗಳು ಅರ್ಧ ಆಯಿತು, ಮೂರನೇ ತಿಂಗಳು ಗ್ರೂಪಲ್ಲಿ ಬರೀ ಗುಡ್ ಮಾರ್ನಿಂಗ್ ಮೆಸೇಜ್. ಯಾರೂ ಕೆಟ್ಟವರಲ್ಲ, ಎಲ್ಲರಿಗೂ ಇಎಂಐ ಇದೆ. ಆಗ ನನಗೆ ಅನ್ನಿಸಿದ್ದು ಇಷ್ಟೇ: ಇವತ್ತು ಕೆಲಸ, ನಾಳೆ ಇಲ್ಲ ಅನ್ನೋ ಬೇರೆ ಉದ್ಯಮಗಳವರು ಇದಕ್ಕೆ ಏನು ಮಾಡಿಕೊಂಡರು? ಹುಡುಕ್ತಾ ಹೋದಾಗ ಸಿಕ್ಕವರು ಈ ಹರ್ಶೋಲ್ಟ್. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋದ, ಹೀರೋ ಆಗದ ಒಬ್ಬ ನಟ.

ಬನ್ನಿ, ಶುರುವಿಂದ ನೋಡೋಣ.

ಕೋಪನ್‌ಹೇಗನ್‌ನಿಂದ ಕ್ಯಾಲಿಫೋರ್ನಿಯಾಕ್ಕೆ

ಜೀನ್ ಹರ್ಶೋಲ್ಟ್ ಹುಟ್ಟಿದ್ದು 1886ರ ಜುಲೈ 12ರಂದು, ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ. ಅಲ್ಲಿ 1906ರಲ್ಲಿ ನಾರ್ಡಿಸ್ಕ್ ಅನ್ನೋ ಫಿಲಂ ಕಂಪನಿ ಶುರುವಾಯಿತು, ಇವತ್ತಿಗೂ ನಡೀತಾ ಇದೆ. ಹರ್ಶೋಲ್ಟ್ ಕ್ಯಾಮೆರಾ ಮುಂದೆ ಮೊದಲು ನಿಂತಿದ್ದೂ ಅದೇ 1906ರಲ್ಲಿ, ಡೆನ್ಮಾರ್ಕಿನ ಕಿರುಚಿತ್ರಗಳಲ್ಲಿ. ಅಂದ್ರೆ ಹಾಲಿವುಡ್ ಅನ್ನೋದು ಇನ್ನೂ ಹಣ್ಣಿನ ತೋಟಗಳ ಊರಾಗಿದ್ದಾಗಲೇ ಇವರು ಸಿನಿಮಾದಲ್ಲಿದ್ದರು.

ಆ ಕಾಲದಲ್ಲಿ ಡೆನ್ಮಾರ್ಕ್ ಚಿಕ್ಕ ದೇಶ ಆದರೂ ಸಿನಿಮಾದಲ್ಲಿ ದೊಡ್ಡ ಹೆಸರು. ಕಾರಣ ಸರಳ. ಸಿನಿಮಾ ಮೂಕಿ. ಮಾತು ಬೇಕಾದ ಕಡೆ ನಡುವೆ ಅಕ್ಷರದ ಫಲಕ ಬರುತ್ತೆ. ಡ್ಯಾನಿಶ್ ಫಲಕ ತೆಗೆದು ಜರ್ಮನ್ ಫಲಕ ಅಂಟಿಸಿದರೆ ಬರ್ಲಿನ್‌ನಲ್ಲಿ ಓಡುತ್ತೆ, ಇಂಗ್ಲಿಷ್ ಅಂಟಿಸಿದರೆ ನ್ಯೂಯಾರ್ಕಲ್ಲಿ. ನಟನಿಗೆ ಬೇಕಾಗಿದ್ದು ಮುಖ, ಮೈ, ಕಣ್ಣು. ನಾಲಿಗೆ ಯಾವ ಭಾಷೆಯದು ಅಂತ ಯಾರೂ ಕೇಳ್ತಿರಲಿಲ್ಲ.

1910ರ ದಶಕದ ಮಧ್ಯದ ಹೊತ್ತಿಗೆ ಹರ್ಶೋಲ್ಟ್ ಅಮೆರಿಕ ಸೇರಿದ್ದರು. 1914ರಲ್ಲಿ ವಿಯಾ ಆಂಡರ್ಸನ್ ಅನ್ನೋರ ಜೊತೆ ಮದುವೆ ಆಯಿತು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪನಾಮಾ ಕಾಲುವೆ ತೆರೆದ ಸಂಭ್ರಮಕ್ಕೆ ದೊಡ್ಡ ವಸ್ತುಪ್ರದರ್ಶನ ನಡೆಯಿತು, ಅಲ್ಲಿ ಡ್ಯಾನಿಶ್ ನಾಟಕಗಳ ಕೆಲಸ ಇವರಿಗೆ ಸಿಕ್ಕಿತ್ತು. ಅಲ್ಲಿಂದ ದಕ್ಷಿಣಕ್ಕೆ ಇಳಿದರೆ ಲಾಸ್ ಏಂಜಲೀಸ್. ಅಲ್ಲಿ ಥಾಮಸ್ ಇನ್ಸ್ ಅನ್ನೋ ನಿರ್ಮಾಪಕರ ಸ್ಟುಡಿಯೋ ಸೇರಿದರು.

ಈ ಇನ್ಸ್ ಬಗ್ಗೆ ನಮ್ಮಂಥೋರು ಒಂದು ಮಾತು ತಿಳ್ಕೋಬೇಕು. ಸಿನಿಮಾ ಮಾಡೋದನ್ನ ಫ್ಯಾಕ್ಟರಿ ಥರ ಜೋಡಿಸಿದವರು ಇವರು. ಪ್ರತಿ ದೃಶ್ಯಕ್ಕೂ ಮೊದಲೇ ಬರೆದ ವಿವರ, ಯಾವ ಬಟ್ಟೆ, ಯಾವ ಸಾಮಾನು, ಎಲ್ಲಿ ಶೂಟಿಂಗ್, ಎಷ್ಟು ಖರ್ಚು, ಎಲ್ಲಾ ಕಾಗದದ ಮೇಲೆ. ಒಟ್ಟೊಟ್ಟಿಗೆ ಹಲವು ಚಿತ್ರ ನಡೀತಾ ಇರುತ್ತೆ. ಇಂಥ ವ್ಯವಸ್ಥೆಗೆ ಸ್ಟಾರುಗಳು ನಾಲ್ಕೈದು ಜನ ಸಾಕು, ಆದರೆ ಹೇಳಿದ ಟೈಮಿಗೆ ಬಂದು, ಕೊಟ್ಟ ವೇಷ ಹಾಕಿ, ಕೊಟ್ಟ ಕೆಲಸ ಮುಗಿಸೋ ನಟರು ನೂರಾರು ಬೇಕು. ಪ್ರಾಜೆಕ್ಟಿಂದ ಪ್ರಾಜೆಕ್ಟಿಗೆ ಓಡಾಡೋ ನಮ್ಮ ಥರ ಅಂದ್ಕೊಳ್ಳಿ. ಹರ್ಶೋಲ್ಟ್ ಸೇರಿದ್ದು ಆ ನೂರಾರು ಜನರ ಸಾಲಿಗೆ.

ಖಳನ ಕೆಲಸ

ಪೋಷಕ ನಟ ಅಂದ್ರೆ ಏನು ಅಂತ ಕನ್ನಡದೋರಿಗೆ ವಿವರಿಸಬೇಕಾಗಿಲ್ಲ. ಕೆ.ಎಸ್. ಅಶ್ವತ್ಥ್ ಅವರ ಮುಖ ನೆನಪು ಮಾಡ್ಕೊಳ್ಳಿ. ಪೋಸ್ಟರ್ ಮೇಲೆ ದೊಡ್ಡದಾಗಿ ಹೀರೋ ಇರ್ತಾರೆ, ಆದರೆ ಅಪ್ಪನ ಪಾತ್ರದಲ್ಲಿ ಅವರಿಲ್ಲದಿದ್ದರೆ ಆ ಮನೆ ಮನೆ ಅನ್ನಿಸೋದೇ ಇಲ್ಲ.

ಹರ್ಶೋಲ್ಟ್‌ಗೆ ಮೊದಲು ಸಿಕ್ಕಿದ್ದು ಅಪ್ಪನ ಪಾತ್ರಗಳಲ್ಲ. ಅಮೆರಿಕದ ತೆರೆಗೆ ಆಗ ವಿದೇಶಿ ಮುಖ ಅಂದ್ರೆ ಅನುಮಾನ. ಮೊದಲನೇ ಮಹಾಯುದ್ಧದ ಬಿಸಿ ಬೇರೆ. 1921ರ 'ದಿ ಫೋರ್ ಹಾರ್ಸ್‌ಮೆನ್ ಆಫ್ ದಿ ಅಪೋಕಲಿಪ್ಸ್' ಚಿತ್ರ ರುಡಾಲ್ಫ್ ವ್ಯಾಲೆಂಟಿನೋನನ್ನು ಸ್ಟಾರ್ ಮಾಡಿತು. ವ್ಯಾಲೆಂಟಿನೋ ಇಟಲಿಯಿಂದ ಬಂದವ. ಅದೇ ಚಿತ್ರದಲ್ಲಿ ಹರ್ಶೋಲ್ಟ್ ಮಾಡಿದ್ದು ಜರ್ಮನ್ ಪ್ರೊಫೆಸರ್ ಪಾತ್ರ. ಇಬ್ಬರೂ ವಲಸಿಗರೇ. ಸುಂದರವಾಗಿದ್ದವನು ಪ್ರೇಮಿಯಾದ, ದಪ್ಪ ಮುಖದವರು ಶತ್ರು ಆದರು. 1922ರಲ್ಲಿ ಮೇರಿ ಪಿಕ್‌ಫೋರ್ಡ್ ನಾಯಕಿಯಾಗಿದ್ದ 'ಟೆಸ್ ಆಫ್ ದಿ ಸ್ಟಾರ್ಮ್ ಕಂಟ್ರಿ' ಚಿತ್ರದಲ್ಲೂ ಖಳನ ಪಾತ್ರ. ಈ ಮೇರಿ ಪಿಕ್‌ಫೋರ್ಡ್ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಡೆತ್ ವ್ಯಾಲಿಯ ಬಿಸಿಲು

ಈಗ ಹರ್ಶೋಲ್ಟ್ ನಟನೆಯ ಬಗ್ಗೆ ಸಿನಿಮಾ ಇತಿಹಾಸದ ಪುಸ್ತಕಗಳಲ್ಲಿ ತಪ್ಪದೆ ಬರುವ ಚಿತ್ರಕ್ಕೆ ಬರ್ತೀನಿ. ಹೆಸರು 'ಗ್ರೀಡ್', ಅಂದ್ರೆ ದುರಾಸೆ. ನಿರ್ದೇಶಕ ಎರಿಕ್ ವಾನ್ ಸ್ಟ್ರೋಹೈಮ್, ವಿಯೆನ್ನಾದಿಂದ ಬಂದ ಇನ್ನೊಬ್ಬ ವಲಸಿಗ. ಫ್ರಾಂಕ್ ನಾರಿಸ್ ಬರೆದ 'ಮೆಕ್‌ಟೀಗ್' ಕಾದಂಬರಿಯನ್ನು ಒಂದು ಪುಟವೂ ಬಿಡದೆ ತೆರೆಗೆ ತರ್ತೀನಿ ಅಂತ ಹಟ ಹಿಡಿದ ಮನುಷ್ಯ.

ಕಥೆ ಹೀಗಿದೆ. ಮೆಕ್‌ಟೀಗ್ ಅನ್ನೋ ಹಲ್ಲಿನ ಡಾಕ್ಟರು, ಅವನ ಗೆಳೆಯ ಮಾರ್ಕಸ್. ಮಾರ್ಕಸ್ ಮದುವೆಯಾಗಬೇಕು ಅಂದುಕೊಂಡಿದ್ದ ಟ್ರೀನಾಳನ್ನು ಮೆಕ್‌ಟೀಗ್ ಇಷ್ಟಪಡ್ತಾನೆ. ಮಾರ್ಕಸ್ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಡ್ತಾನೆ. ಆಮೇಲೆ ಅವಳಿಗೆ ಲಾಟರಿಯಲ್ಲಿ 5000 ಡಾಲರ್ ಬರುತ್ತೆ. ಅಲ್ಲಿಂದ ಮಾರ್ಕಸ್ ಹೊಟ್ಟೆಯಲ್ಲಿ ಬೆಂಕಿ. ನಾನು ಬಿಟ್ಟುಕೊಡದೆ ಇದ್ದಿದ್ದರೆ ಆ ದುಡ್ಡು ನನ್ನದಾಗ್ತಿತ್ತಲ್ಲ ಅಂತ. ಮೆಕ್‌ಟೀಗ್ ಹತ್ತಿರ ಲೈಸೆನ್ಸ್ ಇಲ್ಲ ಅಂತ ಸರ್ಕಾರಕ್ಕೆ ಗೊತ್ತಾಗಿ ಅವನ ಕಸುಬು ಹಾಳಾಗುತ್ತೆ, ಅದರ ಹಿಂದಿರೋ ಕೈ ಮಾರ್ಕಸ್‌ದು. ಕೊನೆಗೆ ಹೆಂಡತಿಯನ್ನೇ ಕೊಂದು ಓಡಿಹೋಗೋ ಮೆಕ್‌ಟೀಗ್‌ನನ್ನು ಮಾರ್ಕಸ್ ಮರುಭೂಮಿವರೆಗೆ ಅಟ್ಟಿಸಿಕೊಂಡು ಹೋಗ್ತಾನೆ. ಮಾರ್ಕಸ್ ಪಾತ್ರ ಮಾಡಿದ್ದು ನಮ್ಮ ಹರ್ಶೋಲ್ಟ್.

ಆ ಮರುಭೂಮಿ ದೃಶ್ಯವನ್ನು ಸ್ಟ್ರೋಹೈಮ್ ಸೆಟ್ ಹಾಕಿ ತೆಗೆಯಲಿಲ್ಲ. 1923ರ ಬೇಸಿಗೆಯಲ್ಲಿ ತಂಡವನ್ನು ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಗೇ ಕರೆದುಕೊಂಡು ಹೋದರು. ಜಗತ್ತಿನ ಅತಿ ಬಿಸಿ ಜಾಗಗಳಲ್ಲಿ ಒಂದು ಅದು. ತಾಪಮಾನ 49 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಸ್ಟ್ರೋಹೈಮ್ ಹೇಳಿದ ಲೆಕ್ಕದ ಪ್ರಕಾರ ಹೋದ 41 ಜನರಲ್ಲಿ 14 ಮಂದಿ ಕಾಯಿಲೆ ಬಿದ್ದು ವಾಪಸ್ ಬಂದರು. ಹರ್ಶೋಲ್ಟ್ ಆ ಶೂಟಿಂಗ್‌ನಲ್ಲಿ ಹನ್ನೆರಡು ಕೆಜಿಯಷ್ಟು ತೂಕ ಕಳೆದುಕೊಂಡು ಆಸ್ಪತ್ರೆ ಸೇರಿದರು. ಸಿನಿಮಾದಲ್ಲಿ ಅವರ ಒಣಗಿದ ತುಟಿ, ತೂರಾಡೋ ನಡಿಗೆ ನೋಡಿದಾಗ ಎಷ್ಟು ನಟನೆ, ಎಷ್ಟು ನಿಜ ಅಂತ ಹೇಳೋಕೆ ಆಗಲ್ಲ.

ಕೊನೆಯ ದೃಶ್ಯ ಮರೆಯೋ ಹಾಗಿಲ್ಲ. ನೀರೆಲ್ಲ ಚೆಲ್ಲಿಹೋಗಿದೆ, ಇಬ್ಬರೂ ಹೊಡೆದಾಡ್ತಾರೆ, ಮಾರ್ಕಸ್ ಸಾಯ್ತಾನೆ. ಆದರೆ ಸಾಯೋ ಮುಂಚೆ ತನ್ನ ಕೈಗೂ ಮೆಕ್‌ಟೀಗ್ ಕೈಗೂ ಬೇಡಿ ಹಾಕಿಬಿಟ್ಟಿರ್ತಾನೆ. ಸುತ್ತ ಮರಳು, ಚಿನ್ನದ ನಾಣ್ಯ, ಮತ್ತು ಹೆಣಕ್ಕೆ ಕಟ್ಟಿಹಾಕಿಕೊಂಡು ಬದುಕಿರೋ ಒಬ್ಬ ಮನುಷ್ಯ.

ಸ್ಟ್ರೋಹೈಮ್ ಮೊದಲು ಸಿದ್ಧ ಮಾಡಿದ ಚಿತ್ರ ಎಂಟು ಗಂಟೆ ಹತ್ತಿರ ಇತ್ತು. ಆ ಹೊತ್ತಿಗೆ ಸ್ಟುಡಿಯೋ ವಿಲೀನವಾಗಿ ಎಂಜಿಎಂ ಆಗಿತ್ತು. ಹೊಸ ಮ್ಯಾನೇಜ್‌ಮೆಂಟ್ ಕತ್ತರಿ ಹಾಕಿ ಎರಡು ಕಾಲು ಗಂಟೆ ಆಸುಪಾಸಿಗೆ ಇಳಿಸಿ 1924ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಕತ್ತರಿಸಿದ ರೀಲುಗಳು ಮತ್ತೆ ಸಿಗಲಿಲ್ಲ. ಚಿತ್ರಕ್ಕೆ ದುಡ್ಡೂ ಬರಲಿಲ್ಲ. ಇವತ್ತು ಮೂಕಿ ಯುಗದ ದೊಡ್ಡ ಚಿತ್ರಗಳ ಪಟ್ಟಿಯಲ್ಲಿ ಅದಕ್ಕೆ ಜಾಗ ಇದೆ, ಆದರೆ 1924ರಲ್ಲಿ ಅದು ಫ್ಲಾಪ್. ಒಂದು ಬೇಸಿಗೆ ಪೂರ್ತಿ ಜೀವ ಪಣಕ್ಕಿಟ್ಟು ಮಾಡಿದ ಕೆಲಸದ ಹೆಚ್ಚಿನ ಪಾಲು ಹೊಸ ಮ್ಯಾನೇಜ್‌ಮೆಂಟಿನ ಒಂದು ತೀರ್ಮಾನಕ್ಕೆ ಹೊರಟುಹೋಯಿತು. ಮರ್ಜರ್ ಆದ ಮೇಲೆ ಪ್ರಾಜೆಕ್ಟ್ ಮುಚ್ಚಿದ್ದನ್ನ ನೋಡಿದೋರಿಗೆ ಈ ಸಂಕಟ ಅರ್ಥ ಆಗುತ್ತೆ.

ಸಿನಿಮಾಕ್ಕೆ ಮಾತು ಬಂದಾಗ

ಗ್ರೀಡ್ ಆದ ಮೇಲೆ ಹರ್ಶೋಲ್ಟ್‌ಗೆ ಒಳ್ಳೆ ಪಾತ್ರಗಳು ಬಂದವು. 1925ರ 'ಸ್ಟೆಲ್ಲಾ ಡಲ್ಲಾಸ್'ನಲ್ಲಿ ಎಡ್ ಮನ್ ಅನ್ನೋ ಗದ್ದಲದ ಕುಡುಕ. 1927ರಲ್ಲಿ ಬರ್ಲಿನ್‌ನಿಂದ ಬಂದಿದ್ದ ಅರ್ನ್ಸ್ಟ್ ಲುಬಿಚ್ ನಿರ್ದೇಶನದ 'ದಿ ಸ್ಟೂಡೆಂಟ್ ಪ್ರಿನ್ಸ್ ಇನ್ ಓಲ್ಡ್ ಹೈಡೆಲ್‌ಬರ್ಗ್'. ಅದರಲ್ಲಿ ರಾಜಕುಮಾರನಿಗೆ ಪಾಠ ಹೇಳೋ ಮೇಷ್ಟ್ರು. ಅರಮನೆಯ ಒಣ ಶಿಸ್ತಿನ ನಡುವೆ ಆ ಹುಡುಗನಿಗೆ ಪ್ರೀತಿ ತೋರಿಸೋ ಒಬ್ಬನೇ ಮನುಷ್ಯ. ಖಳನ ಮುಖದ ಒಳಗೆ ಒಬ್ಬ ಅಜ್ಜ ಇದ್ದಾನೆ ಅಂತ ಲುಬಿಚ್ ಕಂಡುಹಿಡಿದರು.

ಅದೇ 1927ರಲ್ಲಿ 'ದಿ ಜಾಝ್ ಸಿಂಗರ್' ಬಂತು. ತೆರೆಯ ಮೇಲಿನ ಮನುಷ್ಯ ಬಾಯಿಬಿಟ್ಟು ಮಾತಾಡಿದ. ಯುರೋಪಿನಿಂದ ಬಂದ ನಟರಿಗೆ ಇದು ಭೂಕಂಪ. ಎಮಿಲ್ ಯಾನಿಂಗ್ಸ್ ಉದಾಹರಣೆ ತಗೊಳ್ಳಿ. ಜರ್ಮನಿಯಿಂದ ಬಂದ ದೊಡ್ಡ ನಟ, ಇತಿಹಾಸದ ಮೊಟ್ಟಮೊದಲ ಅತ್ಯುತ್ತಮ ನಟ ಆಸ್ಕರ್ ಅವರಿಗೇ. ಪ್ರಶಸ್ತಿ ಸಿಕ್ಕ 1929ರಲ್ಲೇ ಅವರು ಗಂಟುಮೂಟೆ ಕಟ್ಟಿ ಜರ್ಮನಿಗೆ ಹೊರಟರು, ಅವರ ಉಚ್ಚಾರಣೆ ಅಮೆರಿಕದ ಟಾಕಿಗಳಿಗೆ ಒಗ್ಗಲಿಲ್ಲ. ಮುಂದೆ ನಾಜಿಗಳ ಪ್ರಚಾರ ಚಿತ್ರಗಳಲ್ಲಿ ನಟಿಸಿ ಯುದ್ಧ ಮುಗಿದ ಮೇಲೆ ಕೆಲಸ ಕಳೆದುಕೊಂಡರು.

ಹರ್ಶೋಲ್ಟ್ ಉಳಿದರು. ಯಾಕೆ? ಯಾನಿಂಗ್ಸ್ ನಾಯಕ, ನಾಯಕ ಅಮೆರಿಕದವನ ಥರ ಮಾತಾಡಬೇಕು. ಪೋಷಕ ನಟನಿಗೆ ಆ ಕಟ್ಟುಪಾಡಿಲ್ಲ. ಹೋಟೆಲಿನ ಪೋರ್ಟರ್, ಊರಿನ ಡಾಕ್ಟರ್, ನಾಟಕ ಕಂಪನಿ ಯಜಮಾನ, ಇವರೆಲ್ಲ ಎಲ್ಲಿಂದಲೋ ಬಂದವರಾಗಿರಬಹುದು. ಅಮೆರಿಕದ ಪ್ರತಿ ಬೀದಿಯಲ್ಲೂ ಅಂಥವರು ಇದ್ದರು. ನಾಲಿಗೆಯಲ್ಲಿ ಉಳಿದುಹೋದ ಡ್ಯಾನಿಶ್ ಎಳೆತ ಈಗ ಇವರಿಗೆ ಕೆಲಸ ಕೊಡಿಸಿತು. 1932ರ 'ಗ್ರ್ಯಾಂಡ್ ಹೋಟೆಲ್' ನೋಡಿ. ಗ್ರೇಟಾ ಗಾರ್ಬೋ, ಜಾನ್ ಬ್ಯಾರಿಮೋರ್, ಜೋನ್ ಕ್ರಾಫರ್ಡ್, ಎಲ್ಲ ಸ್ಟಾರುಗಳ ಸಂತೆ ಅದು. ಅದರ ನಡುವೆ ಹರ್ಶೋಲ್ಟ್ ಮಾಡಿದ್ದು ಸೆನ್ಫ್ ಅನ್ನೋ ಪೋರ್ಟರ್ ಪಾತ್ರ. ಹೆಂಡತಿ ಆಸ್ಪತ್ರೆಯಲ್ಲಿ ಹೆರಿಗೆ ನೋವಲ್ಲಿದ್ದಾಳೆ, ಇವನು ಡ್ಯೂಟಿ ಬಿಟ್ಟು ಹೋಗೋ ಹಾಗಿಲ್ಲ. ಶ್ರೀಮಂತರ ಪ್ರೇಮ, ಸಾಲ, ಕೊಲೆ ಎಲ್ಲ ನಡೀತಿರುವಾಗ ಇವನು ಕೌಂಟರಲ್ಲಿ ನಿಂತು ಫೋನ್ ಕಾಯ್ತಾ ಇರ್ತಾನೆ. ಆಮೇಲೆ 1937ರ 'ಹೈಡಿ' ಚಿತ್ರದಲ್ಲಿ ಶರ್ಲಿ ಟೆಂಪಲ್‌ಗೆ ಬೆಟ್ಟದ ಮೇಲಿನ ಅಜ್ಜ.

ಲೈಸೆನ್ಸ್ ಸಿಗದಿದ್ದಾಗ ಹುಟ್ಟಿದ ಡಾಕ್ಟರ್

1934ರ ಮೇ 28ರಂದು ಕೆನಡಾದ ಒಂಟಾರಿಯೋದಲ್ಲಿ ಒಬ್ಬ ತಾಯಿಗೆ ಒಂದೇ ಹೆರಿಗೆಯಲ್ಲಿ ಐದು ಹೆಣ್ಣುಮಕ್ಕಳು ಹುಟ್ಟಿದವು, ಐದೂ ಬದುಕಿದವು. ಡಿಯೋನ್ ಸೋದರಿಯರು ಅಂತ ಜಗತ್ತಿಡೀ ಸುದ್ದಿ. ಹೆರಿಗೆ ಮಾಡಿಸಿದ ಹಳ್ಳಿ ಡಾಕ್ಟರು ಆಲನ್ ರಾಯ್ ಡೆಫೋ. ಆ ಕಥೆಯ ಮೇಲೆ 1936ರಲ್ಲಿ 'ದಿ ಕಂಟ್ರಿ ಡಾಕ್ಟರ್' ಸಿನಿಮಾ ಬಂತು, ಡಾಕ್ಟರ್ ಪಾತ್ರ ಹರ್ಶೋಲ್ಟ್‌ಗೆ. ಐವತ್ತರ ವಯಸ್ಸಿನಲ್ಲಿ ಇವರು ಮೊದಲ ಸಲ ನಿಜವಾಗಿ ಜನಪ್ರಿಯರಾದರು.

ಆ ಡಾಕ್ಟರ್ ಪಾತ್ರವನ್ನು ರೇಡಿಯೋಗೆ ತರೋಣ ಅಂತ ಹರ್ಶೋಲ್ಟ್ ಯೋಚಿಸಿದರು. ಹಕ್ಕು ಸಿಗಲಿಲ್ಲ. ಬಿಟ್ಟರೇ? ಅಂಥದೇ ಒಬ್ಬ ಹೊಸ ಹಳ್ಳಿ ಡಾಕ್ಟರನ್ನು ತಾವೇ ಹುಟ್ಟುಹಾಕಿದರು. ಹೆಸರು ಡಾಕ್ಟರ್ ಕ್ರಿಶ್ಚಿಯನ್. ಹೆಸರು ಎಲ್ಲಿಂದ ತಗೊಂಡರು ಅಂದ್ರೆ, ತಮ್ಮ ದೇಶದ ಕಥೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಹೆಸರಿನಿಂದ. ನಾವು ಶಾಲೆಯಲ್ಲಿ ಓದಿದ ಆ ಕುರೂಪಿ ಬಾತುಕೋಳಿ ಮರಿ ಕಥೆ ಇದೆಯಲ್ಲ, ಅದನ್ನು ಬರೆದವರು.

1937ರಲ್ಲಿ ಸಿಬಿಎಸ್ ರೇಡಿಯೋದಲ್ಲಿ ಶುರುವಾದ 'ಡಾಕ್ಟರ್ ಕ್ರಿಶ್ಚಿಯನ್' 1954ರವರೆಗೆ ನಡೆಯಿತು. ಪ್ರಾಯೋಜಕರು ವ್ಯಾಸಲೀನ್ ಕಂಪನಿಯವರು. ರಿವರ್ಸ್ ಎಂಡ್ ಅನ್ನೋ ಚಿಕ್ಕ ಊರು, ಅಲ್ಲೊಬ್ಬ ಒಳ್ಳೆ ಡಾಕ್ಟರು, ಜನರ ಕಾಯಿಲೆಗಿಂತ ಜನರ ಜಗಳಗಳಿಗೇ ಹೆಚ್ಚು ಮದ್ದು ಹುಡುಕೋ ಮನುಷ್ಯ. 1940ರ ದಶಕದಲ್ಲಿ ಈ ಕಾರ್ಯಕ್ರಮದವರು ಒಂದು ಹೊಸ ವಿಷಯ ಮಾಡಿದರು: ಕಥೆ ನೀವೇ ಬರೆದು ಕಳಿಸಿ ಅಂತ ಕೇಳುಗರಿಗೇ ಹೇಳಿದರು. ಗೃಹಿಣಿಯರು, ಮೇಷ್ಟ್ರುಗಳು, ವಿದ್ಯಾರ್ಥಿಗಳು ಬರೆದರು. ಮೊದಲ ಬಹುಮಾನ 2000 ಡಾಲರ್. ಆ ಸ್ಪರ್ಧೆಯಲ್ಲಿ ಬಹುಮಾನ ಗೆದ್ದ ಒಬ್ಬ ಕಾಲೇಜು ಹುಡುಗ ರಾಡ್ ಸರ್ಲಿಂಗ್, ಮುಂದೆ 'ದಿ ಟ್ವೈಲೈಟ್ ಜೋನ್' ಮಾಡಿದವರು. ಇದೇ ಡಾಕ್ಟರ್ ಕ್ರಿಶ್ಚಿಯನ್ ಪಾತ್ರ ಇಟ್ಟುಕೊಂಡು 1939ರಿಂದ 1941ರ ನಡುವೆ ಆರು ಸಿನಿಮಾಗಳೂ ಬಂದವು.

ಹದಿನೈದು ವರ್ಷ ಹಿಂದೆ ಜನ ಬೈಯೋ ಖಳ. ಈಗ ದೇಶದ ಫ್ಯಾಮಿಲಿ ಡಾಕ್ಟರ್. ವಿದೇಶಿ ಎಳೆತ ಮಾತ್ರ ಅದೇ.

48 ಎಕರೆ

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಸಿನಿಮಾ ಉದ್ಯಮದಲ್ಲಿ ಕಷ್ಟಕ್ಕೆ ಬಿದ್ದವರಿಗೆ ಸಹಾಯ ಮಾಡೋಕೆ ಒಂದು ನಿಧಿ 1921ರಲ್ಲೇ ಶುರುವಾಗಿತ್ತು, ಮೋಷನ್ ಪಿಕ್ಚರ್ ರಿಲೀಫ್ ಫಂಡ್ ಅಂತ. ಸ್ಥಾಪಕರಲ್ಲಿ ಮೇರಿ ಪಿಕ್‌ಫೋರ್ಡ್, ಚಾರ್ಲಿ ಚಾಪ್ಲಿನ್, ಡಗ್ಲಾಸ್ ಫೇರ್‌ಬ್ಯಾಂಕ್ಸ್, ಡಿ.ಡಬ್ಲ್ಯು. ಗ್ರಿಫಿತ್ ಇದ್ದರು. ಶುರುವಲ್ಲಿ ಅದು ನಮ್ಮ ವಾಟ್ಸಾಪ್ ಗ್ರೂಪ್ ಥರವೇ: ಯಾರಿಗೋ ಕಷ್ಟ ಬಂತು, ಕೊಡೋರು ಕೊಟ್ಟರು. ಟಾಕಿ ಬಂದು ಸಾವಿರಾರು ಮೂಕಿ ನಟರ, ಥಿಯೇಟರ್ ವಾದ್ಯಗಾರರ ಕೆಲಸ ಹೋಯಿತು. ಅದರ ಬೆನ್ನಿಗೇ 1929ರ ಆರ್ಥಿಕ ಕುಸಿತ. ಮನಸ್ಸು ಬಂದಾಗ ಕೊಡೋ ದುಡ್ಡು ಸಾಲಲಿಲ್ಲ.

1932ರಲ್ಲಿ ಮೇರಿ ಪಿಕ್‌ಫೋರ್ಡ್ ಮುಂದೆ ನಿಂತು ಒಂದು ವ್ಯವಸ್ಥೆ ತಂದರು. ಸ್ಟುಡಿಯೋ ಕೆಲಸಗಾರರು ತಮ್ಮ ಸಂಬಳದ ಅರ್ಧ ಪರ್ಸೆಂಟ್ ಈ ನಿಧಿಗೆ ಕೊಡ್ತೀವಿ ಅಂತ ಸಹಿ ಹಾಕೋದು, ಅದು ಸಂಬಳದಲ್ಲೇ ಕಡಿತ ಆಗೋದು. ಇದರ ಜಾಣತನ ನೋಡಿ. ನೂರು ರೂಪಾಯಿಗೆ ಐವತ್ತು ಪೈಸೆ ಹೋದರೆ ಯಾರಿಗೂ ನೋಯಲ್ಲ. ಕೊಡೋಣವೋ ಬೇಡವೋ ಅಂತ ತಿಂಗಳು ತಿಂಗಳು ಯೋಚಿಸಬೇಕಾಗಿಲ್ಲ. ಪಡೆಯೋರಿಗೂ ಭಿಕ್ಷೆ ಅನ್ನಿಸಲ್ಲ, ಅದರಲ್ಲಿ ಅವರದ್ದೂ ಪಾಲು ಇರುತ್ತೆ.

1930ರ ದಶಕದ ಕೊನೆಗೆ ಈ ನಿಧಿಯ ಅಧ್ಯಕ್ಷರಾದವರು ಹರ್ಶೋಲ್ಟ್. ಹದಿನೆಂಟು ವರ್ಷ ಆ ಕುರ್ಚಿಯಲ್ಲಿದ್ದರು. ಸ್ಟಾರುಗಳ ಮನಸ್ಸು ಆಗಾಗ ಬದಲಾಗುತ್ತೆ, ಸಿನಿಮಾ ಮುಗಿದರೆ ಯುರೋಪ್ ಪ್ರವಾಸ ಹೊರಡ್ತಾರೆ. ದಿನಾ ಕೆಲಸಕ್ಕೆ ಬರೋ ಪೋಷಕ ನಟನಿಗೆ ಲೈಟ್ ಹಿಡಿಯೋನಿಂದ ಮೇಕಪ್ ಹಾಕೋಳವರೆಗೆ ಎಲ್ಲರೂ ಗೊತ್ತು. ಯಾರಿಗೆ ಎರಡು ತಿಂಗಳಿಂದ ಕೆಲಸ ಇಲ್ಲ ಅನ್ನೋದು ಅಂಥವರ ಕಿವಿಗೆ ಬೀಳುತ್ತೆ.

1939ರ ಜನವರಿಯಲ್ಲಿ 'ಸ್ಕ್ರೀನ್ ಗಿಲ್ಡ್ ಥಿಯೇಟರ್' ಅನ್ನೋ ರೇಡಿಯೋ ಕಾರ್ಯಕ್ರಮ ಶುರುವಾಯಿತು. ದೊಡ್ಡ ದೊಡ್ಡ ಸ್ಟಾರುಗಳು ಸಂಭಾವನೆ ಇಲ್ಲದೆ ಪಾತ್ರ ಮಾಡ್ತಾರೆ, ಅವರಿಗೆ ಸೇರಬೇಕಾದ ದುಡ್ಡು ನೇರ ನಿಧಿಗೆ. ಅದರ ಗುರಿ ಒಂದೇ: ವಯಸ್ಸಾದ ಸಿನಿಮಾ ಕೆಲಸಗಾರರಿಗೆ ಒಂದು ಮನೆ ಕಟ್ಟೋದು. 1940ರಲ್ಲಿ ಹರ್ಶೋಲ್ಟ್ ಲಾಸ್ ಏಂಜಲೀಸ್ ಹೊರಗೆ ಸ್ಯಾನ್ ಫರ್ನಾಂಡೋ ಕಣಿವೆಯಲ್ಲಿ 48 ಎಕರೆ ಜಾಗ ನೋಡಿದರು. ಆಕ್ರೋಟು, ಕಿತ್ತಳೆ ತೋಟ. ಎಕರೆಗೆ 850 ಡಾಲರ್, ಒಟ್ಟು 40,800. ಸಮಿತಿ ಅದೇ ದಿನ ಖರೀದಿಗೆ ಒಪ್ಪಿತು. ಕಟ್ಟಡದ ಖರ್ಚಿಗೆ ಅದರಲ್ಲೇ 7 ಎಕರೆ ಮಾರಿದರು. ಹರ್ಶೋಲ್ಟ್, ಪಿಕ್‌ಫೋರ್ಡ್ ಸೇರಿ ಗುದ್ದಲಿ ಹಿಡಿದು ಭೂಮಿಪೂಜೆ ಥರದ ಕಾರ್ಯಕ್ರಮ ಮಾಡಿದರು. ಒಂದು ಕಾಲದಲ್ಲಿ ತೆರೆಯ ಮೇಲೆ ಆ ನಾಯಕಿಯನ್ನು ಕಾಡಿದ ಖಳ ಇವರೇ ಅಂತ ನೆನಪಿರಲಿ. 1942ರ ಸೆಪ್ಟೆಂಬರ್ 27ರಂದು ಮನೆ ಉದ್ಘಾಟನೆ ಆಯಿತು. 1948ರಲ್ಲಿ ಪಕ್ಕದಲ್ಲೇ ಆಸ್ಪತ್ರೆ ಬಂತು.

ಒಂದು ಸಣ್ಣ ಸಂಗತಿ ಹೇಳ್ತೀನಿ. 1940ರ ಫೆಬ್ರವರಿ 29ರ ರಾತ್ರಿ ನಡೆದ ಆಸ್ಕರ್ ಸಮಾರಂಭದಲ್ಲಿ ಈ ನಿಧಿಯ ಕೆಲಸಕ್ಕಾಗಿ ಹರ್ಶೋಲ್ಟ್ ಮತ್ತು ಅವರ ಸಂಗಡಿಗರಿಗೆ ವಿಶೇಷ ಪ್ರಶಸ್ತಿ ಬಂತು. ಅದೇ ರಾತ್ರಿ 'ಗಾನ್ ವಿತ್ ದಿ ವಿಂಡ್' ಚಿತ್ರಕ್ಕೆ ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಗೆದ್ದರು, ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ. ಆದರೆ ಅವರನ್ನು ಕೂರಿಸಿದ್ದು ಉಳಿದವರಿಂದ ದೂರ, ಬೇರೆ ಮೇಜಿಗೆ. ಹನ್ನೆರಡು ವರ್ಷ ಆದ ಮೇಲೆ, 1952ರಲ್ಲಿ, ಕ್ಯಾನ್ಸರ್ ಬಂದು ಅವರು ಕೊನೆಯುಸಿರೆಳೆದದ್ದು ಈ ಕಂಟ್ರಿ ಹೌಸಿನ ಆಸ್ಪತ್ರೆಯಲ್ಲಿ. ಚಾಪ್ಲಿನ್‌ನನ್ನು ಸಿನಿಮಾಕ್ಕೆ ತಂದ ಮ್ಯಾಕ್ ಸೆನೆಟ್ ಕೂಡ ಎಲ್ಲ ಕಳೆದುಕೊಂಡು ಕೊನೆಯ ದಿನಗಳನ್ನು ಕಳೆದದ್ದು ಇಲ್ಲೇ, 1960ರಲ್ಲಿ ತೀರಿಕೊಂಡರು. ಲಕ್ಷಾಂತರ ದುಡಿದವರಿಗೂ ಆ ಮನೆ ಬೇಕಾಯಿತು.

ಇದು ಸುಖಾಂತ್ಯದ ಕಥೆ ಅಂತಲೂ ನಾನು ಹೇಳಲ್ಲ. 2009ರಲ್ಲಿ ದುಡ್ಡು ಸಾಲ್ತಿಲ್ಲ ಅಂತ ಅಲ್ಲಿನ ದೀರ್ಘಕಾಲದ ಆರೈಕೆ ವಿಭಾಗವನ್ನು ಮುಚ್ಚೋಕೆ ಹೊರಟರು. ವಯಸ್ಸಾದವರ ಕುಟುಂಬದವರು ಬೀದಿಗಿಳಿದು ಪ್ರತಿಭಟನೆ ಮಾಡಿದರು, ಕೆಲವು ವರ್ಷಗಳ ಜಗ್ಗಾಟದ ಮೇಲೆ ಅದು ಉಳಿಯಿತು. ಒಮ್ಮೆ ಕಟ್ಟಿದ ಮನೆಯನ್ನು ಪ್ರತಿ ತಲೆಮಾರೂ ಮತ್ತೆ ಕಾಯಬೇಕಾಗುತ್ತೆ.

ಅಕಾಡೆಮಿಯ ಕುರ್ಚಿಯಲ್ಲಿ ವಿದೇಶಿ

1945ರಿಂದ 1949ರವರೆಗೆ ಹರ್ಶೋಲ್ಟ್ ಆಸ್ಕರ್ ಕೊಡುವ ಅಕಾಡೆಮಿಗೇ ಅಧ್ಯಕ್ಷರು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಚಿತ್ರಗಳಿಗೂ ಮನ್ನಣೆ ಸಿಗಬೇಕು, ಅದರಿಂದ ದೇಶ ದೇಶಗಳ ಸಿನಿಮಾದವರು ಹತ್ತಿರ ಆಗ್ತಾರೆ ಅಂತ ಅವರು ವಾದಿಸಿದರು. 1948ರ ಸಮಾರಂಭದಲ್ಲಿ ಮೊದಲ ಬಾರಿಗೆ ಒಂದು ವಿದೇಶಿ ಭಾಷೆಯ ಚಿತ್ರಕ್ಕೆ ಗೌರವ ಆಸ್ಕರ್ ಹೋಯಿತು, ಇಟಲಿಯ ವಿಟೋರಿಯೋ ಡಿ ಸಿಕಾ ಮಾಡಿದ 'ಶೂಶೈನ್'ಗೆ. ಮುಂದೆ ಅದು ಕಾಯಂ ವಿಭಾಗ ಆಯಿತು. 'ಮದರ್ ಇಂಡಿಯಾ' ನಾಮನಿರ್ದೇಶನ ಪಡೆದದ್ದು ಆ ವಿಭಾಗದಲ್ಲೇ. ಈ ಸಲ ನಮ್ಮ ದೇಶದಿಂದ ಯಾವ ಸಿನಿಮಾ ಕಳಿಸ್ತಾರೆ ಅಂತ ಪ್ರತಿ ವರ್ಷ ನಾವು ಜಗಳ ಆಡೋದೂ ಅದೇ ವಿಭಾಗಕ್ಕಾಗಿ.

ಇದಕ್ಕೆ ಬೆಲೆಯೂ ತೆರಬೇಕಾಯಿತು. 1949ರಲ್ಲಿ ದೊಡ್ಡ ಸ್ಟುಡಿಯೋಗಳು ಸಮಾರಂಭಕ್ಕೆ ಕೊಡುತ್ತಿದ್ದ ದುಡ್ಡು ನಿಲ್ಲಿಸಿದವು. ಸಾವಿರಾರು ಜನ ಕೂರೋ ಸಭಾಂಗಣ ಬಿಟ್ಟು ಅಕಾಡೆಮಿಯ ಸ್ವಂತ ಥಿಯೇಟರಿನಲ್ಲಿ, 950 ಸೀಟುಗಳ ನಡುವೆ ಸಮಾರಂಭ ನಡೆಯಿತು. ಆ ವರ್ಷ ಅತ್ಯುತ್ತಮ ಚಿತ್ರ ಪ್ರಶಸ್ತಿ ಗೆದ್ದದ್ದು ಬ್ರಿಟನ್ನಿನ 'ಹ್ಯಾಮ್ಲೆಟ್', ಹಾಲಿವುಡ್ ಆಚೆಯ ಚಿತ್ರಕ್ಕೆ ಅದು ಮೊದಲ ಸಲ. ಸ್ಟುಡಿಯೋಗಳ ಈ ನಡೆಯನ್ನು ಹರ್ಶೋಲ್ಟ್ ಬಹಿರಂಗವಾಗಿ ಟೀಕಿಸಿದರು. ಅದೇ ಸ್ಟುಡಿಯೋಗಳು ತಮಗೆ ಅನ್ನ ಕೊಡೋ ಯಜಮಾನರು ಅಂತ ಗೊತ್ತಿದ್ದೂ.

ಮನೆಯಲ್ಲಿ ಉಳಿದ ಭಾಷೆ

ಕೊನೆಗೆ ನನಗೆ ತುಂಬ ಇಷ್ಟವಾದ ಭಾಗ. ಹಗಲು ಶೂಟಿಂಗ್, ವಾರಕ್ಕೊಂದು ರೇಡಿಯೋ, ನಿಧಿಯ ಮೀಟಿಂಗ್. ಇಷ್ಟರ ನಡುವೆ ಹರ್ಶೋಲ್ಟ್ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಅವರ 160ಕ್ಕೂ ಹೆಚ್ಚು ಕಥೆಗಳನ್ನು ಡ್ಯಾನಿಶ್‌ನಿಂದ ನೇರ ಇಂಗ್ಲಿಷ್‌ಗೆ ಅನುವಾದ ಮಾಡಿದರು. 'ದಿ ಕಂಪ್ಲೀಟ್ ಆಂಡರ್ಸನ್' ಅಂತ 1949ರಲ್ಲಿ ಆರು ಸಂಪುಟಗಳಲ್ಲಿ ಬಂತು. ಇವತ್ತಿಗೂ ಒಳ್ಳೆಯ ಅನುವಾದಗಳಲ್ಲಿ ಒಂದು ಅಂತ ಅದಕ್ಕೆ ಹೆಸರಿದೆ. ಜೀವನಪೂರ್ತಿ ಕೂಡಿಟ್ಟ ಆಂಡರ್ಸನ್ ಪುಸ್ತಕ, ಪತ್ರಗಳ ಸಂಗ್ರಹವನ್ನು ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟರು. 1940ರಲ್ಲಿ ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿದಾಗ ಅಮೆರಿಕದಲ್ಲಿದ್ದ ಡೇನರನ್ನು ಸಂಘಟಿಸಿ ತಾಯ್ನಾಡಿಗೆ ನೆರವು ಕಳಿಸೋ ಕೆಲಸಕ್ಕೂ ನಿಂತರು. ಯುದ್ಧ ಮುಗಿದ ಮೇಲೆ ಡೆನ್ಮಾರ್ಕಿನ ರಾಜ ನೈಟ್ ಪದವಿ ಕೊಟ್ಟು ಗೌರವಿಸಿದರು.

ಊರು ಬಿಟ್ಟವರು ಊರಿನದನ್ನ ಎರಡು ಥರ ಇಟ್ಟುಕೊಳ್ತಾರೆ ಅಂತ ನನಗೆ ಅನ್ನಿಸುತ್ತೆ. ರಾಜ್ಯೋತ್ಸವದ ದಿನ ಶಾಲು ಹೊದ್ದು ಫೋಟೋ ಹಾಕೋದು ಒಂದು, ನಾನೂ ಮಾಡ್ತೀನಿ. ದಿನಾ ಒಂದು ಪುಟ ಅಂತ ಕೂತು ಮಾಡೋ ಕೆಲಸ ಇನ್ನೊಂದು. 160 ಕಥೆಗಳು ಎರಡನೇ ದಾರಿಯಲ್ಲಿ ಮಾತ್ರ ಮುಗಿಯುತ್ತವೆ.

1906ರಿಂದ 1955ರವರೆಗೆ ಸುಮಾರು 140 ಚಿತ್ರ ಮಾಡಿ, 1956ರ ಜೂನ್ 2ರಂದು ಹರ್ಶೋಲ್ಟ್ ತೀರಿಕೊಂಡರು. ಅದೇ ವರ್ಷ ಅಕಾಡೆಮಿ ಅವರ ಹೆಸರಲ್ಲಿ ಪ್ರಶಸ್ತಿ ಸ್ಥಾಪಿಸಿತು. 2021ರಲ್ಲಿ ಆ ಪ್ರಶಸ್ತಿ ಯಾರಿಗೆ ಬಂತು ಗೊತ್ತಾ? ಟೈಲರ್ ಪೆರಿ ಜೊತೆಗೆ, ನೂರು ವರ್ಷ ತುಂಬಿದ ಅದೇ ರಿಲೀಫ್ ಫಂಡ್‌ಗೆ. ಈಗ ಅದರ ಹೆಸರು ಮೋಷನ್ ಪಿಕ್ಚರ್ ಆ್ಯಂಡ್ ಟೆಲಿವಿಷನ್ ಫಂಡ್. ಹರ್ಶೋಲ್ಟ್ ಸಮಾಧಿ ಗ್ಲೆಂಡೇಲ್‌ನಲ್ಲಿದೆ. ಅದರ ಮೇಲೆ ಇರೋದು ಆಂಡರ್ಸನ್ ಕಥೆಯ ಒಂದು ಪಾತ್ರದ ಪ್ರತಿಮೆ, ಪೆದ್ದ ಅಂತ ಅಣ್ಣಂದಿರು ನಗಾಡಿದರೂ ಮನೆಯಿಂದ ಹೊರಟು ಗೆದ್ದ ಹುಡುಗ ಕ್ಲೊಡ್ಸ್ ಹ್ಯಾನ್ಸ್.

ನಮ್ಮ ಗ್ರೂಪಿನ ವಿಷಯ ಹೇಳಿ ಮುಗಿಸ್ತೀನಿ. ಈ ಕಥೆ ಓದಿದ ಮೇಲೆ ಟೀಮಿನ ಹನ್ನೊಂದು ಜನ ಸೇರಿ ಒಂದು ನಿರ್ಧಾರ ಮಾಡಿದೆವು. ಸಂಬಳದ ಅರ್ಧ ಪರ್ಸೆಂಟ್, ಪ್ರತಿ ತಿಂಗಳು ಒಂದನೇ ತಾರೀಕು, ಆಟೋ ಡೆಬಿಟ್. ಎಕ್ಸೆಲ್ ಶೀಟಲ್ಲಿ ಲೆಕ್ಕ ಎಲ್ಲರಿಗೂ ಕಾಣುತ್ತೆ. ಎಂಟು ತಿಂಗಳಾಯಿತು, ಯಾರೂ ಬಿಟ್ಟಿಲ್ಲ. ಕೆಲಸ ಕಳಕೊಂಡ ನಮ್ಮ ಟೆಸ್ಟರ್‌ಗೆ ಹೋದ ತಿಂಗಳು ಬೇರೆ ಕಡೆ ಕೆಲಸ ಸಿಕ್ಕಿತು, ಸಂಬಳ ಮೊದಲಿಗಿಂತ ಕಡಿಮೆ. ಮೊದಲ ಸಂಬಳ ಬಂದ ದಿನ ಅವರೇ ಫೋನ್ ಮಾಡಿ, "ನನ್ನದೂ ಅರ್ಧ ಪರ್ಸೆಂಟ್ ಸೇರಿಸ್ಕೊಳ್ಳಪ್ಪ" ಅಂದರು. ಹನ್ನೆರಡನೇ ಸಾಲಲ್ಲಿ ಅವರ ಹೆಸರು ಹಾಕಿದೆ.

ನಿಮ್ಮ ಊರಲ್ಲಿ, ನಿಮ್ಮ ಆಫೀಸಲ್ಲಿ ಇಂಥದ್ದೇನಾದರೂ ನಡೀತಾ ಇದ್ದರೆ ಬರೆದು ತಿಳಿಸಿ, ಹೇಗೆ ನಡೆಸ್ತೀರಿ ಅಂತ ನಮಗೂ ಕಲಿಯೋದಿದೆ.